ಕ್ಯೋಟೊದ ಇಸ್ಪೀಟು, ಬೆಳಗಾವಿಯ ಮಾರಿಯೋ

ತೊಂಬತ್ತರ ದಶಕದಲ್ಲಿ ಬೆಳಗಾವಿಯಲ್ಲಿ ಶಾಲೆಗೆ ಹೋದವರಲ್ಲಿ ಮಾರಿಯೋ ಗೊತ್ತಿಲ್ಲ ಎನ್ನುವವರು ಸಿಗುವುದು ಕಷ್ಟ. ಕೆಂಪು ಟೋಪಿ, ದಪ್ಪ ಮೀಸೆ, ಇಟ್ಟಿಗೆ ಗುದ್ದುತ್ತ ಬಲಕ್ಕೆ ಓಡುವ ಆ ಗಿಡ್ಡ ಮನುಷ್ಯ ತಿಲಕವಾಡಿಯಲ್ಲೂ ಓಡಿದ್ದಾನೆ, ಶಹಾಪುರದಲ್ಲೂ ಓಡಿದ್ದಾನೆ, ಖಾನಾಪುರದ ಮನೆಗಳ ಕಪ್ಪು-ಬಿಳುಪು ಟಿವಿಯಲ್ಲೂ ಓಡಿದ್ದಾನೆ. ಅವನನ್ನು ಸೃಷ್ಟಿಸಿದ ಜಪಾನಿನ ನಿಂಟೆಂಡೊ ಕಂಪನಿಯ ಬಗ್ಗೆ ಕೇಳಿದರೆ ಮಾತ್ರ ಅದೇ ಜನ ತಡವರಿಸುತ್ತಾರೆ. ತಪ್ಪು ಅವರದಲ್ಲ. ಆಟ ಊರಿಗೆ ಬಂತು, ಆಟ ಮಾಡಿದವರು ಬರಲಿಲ್ಲ. ನಮ್ಮ ಕೈಗೆ ಸಿಕ್ಕಿದ್ದು ನಕಲಿನ ನಕಲು.

ಈ ಕಂಪನಿ ಬೆಳೆದದ್ದು ಹೇಗೆ, ಅದರ ಆಟಗಳು ಬೆಳಗಾವಿಯನ್ನು ತಲುಪಿದ ದಾರಿ ಯಾವುದು, ಕಂಪನಿ ಮಾತ್ರ ಬಾರದೆ ಉಳಿದದ್ದೇಕೆ, ಇಂದು ನಮ್ಮ ಮಕ್ಕಳ ಕೈಯಲ್ಲಿ ಏನಿದೆ, ನಾಳೆ ಇಲ್ಲಿಂದಲೇ ಆಟ ಹುಟ್ಟಬಹುದೇ ಎಂಬ ಪ್ರಶ್ನೆಗಳನ್ನು ಒಟ್ಟಿಗೇ ನೋಡಬೇಕಾಗಿದೆ. ಒಟ್ಟಿಗೇ ನೋಡಿದಾಗ ಒಂದು ಮಾತು ಸ್ಪಷ್ಟವಾಗುತ್ತದೆ. ನಿಂಟೆಂಡೊದಿಂದ ನಾವು ಯಂತ್ರ ಕೊಳ್ಳುವುದಕ್ಕಿಂತ ಅದರ ದುಡಿಮೆಯ ರೀತಿಯನ್ನು ಕಲಿಯುವುದು ಮುಖ್ಯ. ಆ ರೀತಿಗೆ ಬೇಕಾದ ಬಹುಪಾಲು ಸಾಮಗ್ರಿ ಬೆಳಗಾವಿ, ಖಾನಾಪುರಗಳಲ್ಲಿ ಈಗಲೇ ಇದೆ.

ಎಲೆ ಮಾಡುತ್ತಿದ್ದ ಅಂಗಡಿ

1889ರ ಸೆಪ್ಟೆಂಬರಿನಲ್ಲಿ ಕ್ಯೋಟೊ ನಗರದಲ್ಲಿ ಫುಸಾಜಿರೊ ಯಮೌಚಿ ಎಂಬಾತ ಹನಾಫುಡಾ ಎಲೆಗಳನ್ನು ಮಾಡಿ ಮಾರುವ ಅಂಗಡಿ ತೆರೆದ. ನಿಂಟೆಂಡೊ ಆರಂಭವಾದದ್ದು ಹೀಗೆ. ಹನಾಫುಡಾ ಜಪಾನಿನ ಇಸ್ಪೀಟು. ಹನ್ನೆರಡು ತಿಂಗಳಿಗೆ ಹನ್ನೆರಡು ಹೂಗಿಡಗಳು, ತಿಂಗಳಿಗೆ ನಾಲ್ಕರಂತೆ ಒಟ್ಟು 48 ಎಲೆ. ಕೈಯಿಂದಲೇ ತಯಾರಾಗುತ್ತಿದ್ದ ಈ ಎಲೆಗಳ ದೊಡ್ಡ ಗಿರಾಕಿಗಳು ಜೂಜುಕೋರರು.

ಈ ಕಥೆ ನಮಗೆ ಅಪರಿಚಿತವೇನಲ್ಲ. ಬೆಳಗಾವಿಯಿಂದ ಅಂಬೋಲಿ ಘಾಟು ಇಳಿದರೆ ಸಾವಂತವಾಡಿ. ಅಲ್ಲಿನ ಕಲಾವಿದರು ದುಂಡನೆಯ ಗಂಜೀಫಾ ಎಲೆಗಳ ಮೇಲೆ ದಶಾವತಾರ ಬರೆದು ಅರಗಿನ ಹೊಳಪು ಕೊಡುತ್ತಾರೆ. ಹತ್ತು ಅವತಾರಕ್ಕೆ ಹನ್ನೆರಡರಂತೆ 120 ಎಲೆಯ ಕಟ್ಟು ಅದು. ಇತ್ತ ಮೈಸೂರಿನಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರು ಗಂಜೀಫಾದ ಹಲವು ಹೊಸ ಬಗೆಗಳನ್ನೇ ರಚಿಸಿದರು. ಅವರ 'ಶ್ರೀತತ್ತ್ವನಿಧಿ'ಯ ಕೌತುಕ ನಿಧಿ ಭಾಗ ಆಟಗಳಿಗೇ ಮೀಸಲು. ಕಲೆಯಲ್ಲಾಗಲಿ ಲೆಕ್ಕಾಚಾರದಲ್ಲಾಗಲಿ ನಮ್ಮ ಎಲೆಗಳು ಕ್ಯೋಟೊದ ಎಲೆಗಳಿಗಿಂತ ಒಂದಿನಿತೂ ಕಡಿಮೆಯಿರಲಿಲ್ಲ. ಆದರೂ ಕಳೆದ ಶತಮಾನದ ಹೊತ್ತಿಗೆ ಗಂಜೀಫಾ ಅಳಿವಿನ ಅಂಚಿಗೆ ಬಂದಿತ್ತು. ಸಾವಂತವಾಡಿಯ ರಾಜಮನೆತನದ ಶಿವರಾಮರಾಜೆ ಭೋಂಸಲೆ ಮತ್ತು ಸತ್ವಶೀಲಾದೇವಿ ದಂಪತಿ ಅರಮನೆಯಲ್ಲೇ ಕುಸುರಿಗಾರರನ್ನು ಕೂರಿಸಿ ಅದನ್ನು ಉಳಿಸಿಕೊಟ್ಟರು. ಆದರೆ ಆಡುವವರು ಇಲ್ಲದೆ ಎಲೆಗಳು ಶೋಕೇಸಿನ ವಸ್ತುವಾದವು.

ನಿಂಟೆಂಡೊ ಇದೇ ಕವಲಿನಲ್ಲಿ ಬೇರೆ ದಾರಿ ಹಿಡಿಯಿತು. ಸ್ಥಾಪಕರ ಮನೆತನದ ಹಿರೋಶಿ ಯಮೌಚಿ 1949ರಲ್ಲಿ, ಇನ್ನೂ ಯುವಕನಾಗಿದ್ದಾಗಲೇ, ಕಂಪನಿಯ ಚುಕ್ಕಾಣಿ ಹಿಡಿದರು. 1959ರಲ್ಲಿ ಅವರು ಡಿಸ್ನಿ ಜೊತೆ ಒಪ್ಪಂದ ಮಾಡಿಕೊಂಡು ಎಲೆಗಳ ಮೇಲೆ ಮಿಕ್ಕಿ ಮೌಸ್ ಮುದ್ರಿಸಿದರು. ಜೂಜುಕಟ್ಟೆಯಲ್ಲಿದ್ದ ಇಸ್ಪೀಟು ಮಕ್ಕಳಿರುವ ಮನೆಯ ನಡುಮನೆಗೆ ಬಂತು. ಕಂಪನಿಯ ಮುಂದಿನ ಇತಿಹಾಸವೆಲ್ಲ ಈ ಒಂದು ತೀರ್ಮಾನದ ಮೇಲೆ ನಿಂತಿದೆ ಎಂದರೆ ಉತ್ಪ್ರೇಕ್ಷೆಯಾಗದು.

ಅಗ್ಗದ ಸಾಮಾನು, ಹೊಸ ಬುದ್ಧಿ

ಗುಂಪೇ ಯೊಕೊಯಿ ಎಂಬ ಯುವಕ 1965ರಲ್ಲಿ ನಿಂಟೆಂಡೊದಲ್ಲಿ ಕೆಲಸಕ್ಕೆ ಸೇರಿದ್ದು ಎಲೆ ತಯಾರಿಸುವ ಯಂತ್ರಗಳ ಮೇಂಟೆನೆನ್ಸಿಗೆ. ಬಿಡುವಿನಲ್ಲಿ ಅವನು ಉದ್ದಕ್ಕೆ ಚಾಚಿಕೊಂಡು ದೂರದ ವಸ್ತು ಹಿಡಿಯುವ ಇಕ್ಕಳದಂಥ ಒಂದು ಆಟಿಕೆ ಮಾಡಿಕೊಂಡಿದ್ದ. ಯಜಮಾನರ ಕಣ್ಣಿಗೆ ಅದು ಬಿತ್ತು. ಬೈಗುಳ ನಿರೀಕ್ಷಿಸಿದ್ದವನಿಗೆ ಅದನ್ನೇ ಮಾರುಕಟ್ಟೆಗೆ ತರುವಂತೆ ಆದೇಶ ಸಿಕ್ಕಿತು. 'ಅಲ್ಟ್ರಾ ಹ್ಯಾಂಡ್' ಹೆಸರಿನಲ್ಲಿ ಹೊರಬಂದ ಆ ಆಟಿಕೆ ಹತ್ತು ಲಕ್ಷಕ್ಕೂ ಹೆಚ್ಚು ಮಾರಾಟವಾಯಿತು. ಉದ್ಯಮಬಾಗದ ಫೌಂಡ್ರಿ, ವರ್ಕ್‌ಶಾಪುಗಳಲ್ಲಿ ಲೇತ್ ಮುಂದೆ ನಿಂತು ಕೆಟ್ಟ ಯಂತ್ರಕ್ಕೆ ಸ್ವಂತ ತಲೆ ಓಡಿಸಿ ಬಿಡಿಭಾಗ ಮಾಡಿಕೊಳ್ಳುವ ಬೆಳಗಾವಿಯ ಕೆಲಸಗಾರನಿಗೆ ಯೊಕೊಯಿ ಯಾರೆಂದು ವಿವರಿಸಿ ಹೇಳಬೇಕಿಲ್ಲ.

ಯೊಕೊಯಿಯ ಸೂತ್ರ ಸರಳವಾದದ್ದು. ಎಲ್ಲರಿಗೂ ಗೊತ್ತಿರುವ, ಬೆಲೆ ಇಳಿದಿರುವ ತಂತ್ರಜ್ಞಾನ ತೆಗೆದುಕೊ. ಯಾರೂ ಯೋಚಿಸದ ಕೆಲಸಕ್ಕೆ ಅದನ್ನು ಬಳಸು. ರೈಲಿನಲ್ಲಿ ಒಬ್ಬ ಪ್ರಯಾಣಿಕ ಬೇಸರ ಕಳೆಯಲು ಕ್ಯಾಲ್ಕ್ಯುಲೇಟರಿನ ಗುಂಡಿ ಒತ್ತುತ್ತ ಕೂತಿದ್ದನ್ನು ಕಂಡು, ಅದೇ ಕ್ಯಾಲ್ಕ್ಯುಲೇಟರಿನ ಅಗ್ಗದ ಪರದೆಯಲ್ಲಿ 1980ರಲ್ಲಿ 'ಗೇಮ್ ಆ್ಯಂಡ್ ವಾಚ್' ತಂದ. 1989ರಲ್ಲಿ 'ಗೇಮ್ ಬಾಯ್' ಬಂದ ಮೇಲೆ ಪ್ರತಿಸ್ಪರ್ಧಿ ಸೆಗಾ ಮತ್ತು ಅಟಾರಿ ಕಂಪನಿಗಳು ಬಣ್ಣದ ಪರದೆಯ ಸಾಧನಗಳನ್ನು ಮುಂದಿಟ್ಟವು. ಗೇಮ್ ಬಾಯ್ ಪರದೆ ಹಸಿರು ಛಾಯೆಯದು, ಬಣ್ಣವಿಲ್ಲ. ಆದರೆ ನಾಲ್ಕು ಪೆನ್ಸಿಲ್ ಸೆಲ್ ಹಾಕಿದರೆ ಹತ್ತು ಗಂಟೆಗೂ ಮೀರಿ ಓಡುತ್ತಿತ್ತು, ಕೆಳಗೆ ಬಿದ್ದರೂ ಬೇಗ ಹಾಳಾಗುತ್ತಿರಲಿಲ್ಲ, ಬೆಲೆಯೂ ಕಡಿಮೆ. ಮುಂದೆ ಬಂದ ಬಣ್ಣದ ಮಾದರಿಯೂ ಸೇರಿ 11.86 ಕೋಟಿ ಮಾರಾಟವಾದ ಅದರ ಮುಂದೆ ಉಳಿದವು ನಿಲ್ಲಲಿಲ್ಲ.

ಟಿವಿಗೆ ಜೋಡಿಸುವ ಯಂತ್ರಗಳಲ್ಲೂ ಕಂಪನಿಯ ಏಳುಬೀಳು ಇದೇ ಸೂತ್ರದ ಸುತ್ತ ತಿರುಗುತ್ತದೆ. 1983ರ ಜುಲೈನಲ್ಲಿ ಜಪಾನಿನಲ್ಲಿ ಬಿಡುಗಡೆಯಾದ 'ಫ್ಯಾಮಿಕಾಮ್' ಜಗತ್ತಿನಾದ್ಯಂತ 6.19 ಕೋಟಿ ಮನೆ ಸೇರಿತು. ತೊಂಬತ್ತರ ದಶಕದ ಕೊನೆಯಲ್ಲಿ ಸೋನಿಯ ಪ್ಲೇಸ್ಟೇಷನ್ ಎದುರು ನಿಂಟೆಂಡೊ ಸೋಲತೊಡಗಿತು. ಆ ಪ್ಲೇಸ್ಟೇಷನ್ ಹುಟ್ಟಿದ್ದೇ ನಿಂಟೆಂಡೊ ಸೋನಿಯೊಂದಿಗಿನ ಸಿ.ಡಿ. ಯೋಜನೆಯನ್ನು 1991ರಲ್ಲಿ ಮುರಿದುಕೊಂಡ ಕಾರಣಕ್ಕೆ. 2006ರಲ್ಲಿ ಎದುರಾಳಿಗಳು ಚಿತ್ರದ ಗುಣಮಟ್ಟದಲ್ಲಿ ಪೈಪೋಟಿಗಿಳಿದಿದ್ದಾಗ ನಿಂಟೆಂಡೊ 'ವೀ' ಯಂತ್ರದ ಜೊತೆ ಕೈ ಬೀಸಿ ಆಡುವ ರಿಮೋಟ್ ಕೊಟ್ಟಿತು. ಅಜ್ಜ-ಅಜ್ಜಿಯರೂ ನಿಂತು ಟೆನಿಸ್ ಆಡಿದರು. ಅದರ ಮಾರಾಟ 10 ಕೋಟಿ ದಾಟಿತು. ಮುಂದಿನ 'ವೀ ಯು' ಏನೆಂದು ಜನರಿಗೆ ಅರ್ಥವಾಗಲೇ ಇಲ್ಲ, 1.36 ಕೋಟಿಗೆ ನಿಂತಿತು. ಆಗ ಅಧ್ಯಕ್ಷರಾಗಿದ್ದ ಸತೋರು ಇವಾಟಾ ನೌಕರರನ್ನು ಮನೆಗೆ ಕಳಿಸುವ ಬದಲು ತಮ್ಮ ಸಂಬಳವನ್ನೇ ಅರ್ಧಕ್ಕೆ ಇಳಿಸಿಕೊಂಡರು. ಉಳಿದ ಆ ಕೈಗಳೇ 2017ರ ಮಾರ್ಚಿನಲ್ಲಿ ಮನೆಯಲ್ಲಿ ಟಿವಿಗೂ ಹೊರಗೆ ಅಂಗೈಗೂ ಒಗ್ಗುವ 'ಸ್ವಿಚ್' ತಂದವು. ಅದರ ಮಾರಾಟ 15 ಕೋಟಿ ದಾಟಿದೆ. 2025ರ ಜೂನ್ 5ರಂದು ಬಂದ 'ಸ್ವಿಚ್ 2' ನಾಲ್ಕೇ ದಿನದಲ್ಲಿ 35 ಲಕ್ಷ ಮಾರಾಟವಾಯಿತು.

ಹೆಸರಿಲ್ಲದೆ ಬಂದ ಆಟ

ಬೆಳಗಾವಿಯ ಖಡೇಬಜಾರ, ಗಣಪತ ಗಲ್ಲಿಗಳ ಅಂಗಡಿ ಸಾಲಿಗೆ ಬಂದ 'ವಿಡಿಯೋ ಗೇಮ್' ಯಾವುದು? ಎಂಬತ್ತರ ದಶಕದ ಕೊನೆಗೆ ಸಮುರಾಯ್ ಹೆಸರಿನಲ್ಲಿ ನಿಂಟೆಂಡೊ ಯಂತ್ರ ಭಾರತದಲ್ಲಿ ಮಾರಾಟಕ್ಕಿತ್ತು. ಆದರೆ ಮಧ್ಯಮ ವರ್ಗದ ಮನೆಗಳನ್ನು ಹೊಕ್ಕಿದ್ದು ಫ್ಯಾಮಿಕಾಮಿನ ತೈವಾನ್ ಮತ್ತು ಚೀನಾ ನಕಲುಗಳು. ಮೀಡಿಯಾ, ಲಿಟಲ್ ಮಾಸ್ಟರ್, ಟರ್ಮಿನೇಟರ್ ಎಂಬ ಹೆಸರುಗಳು ಆ ಪೀಳಿಗೆಗೆ ಇಂದಿಗೂ ನೆನಪಿವೆ. ಪೆಟ್ಟಿಗೆಯಲ್ಲಿ ಎರಡು ಜಾಯ್‌ಸ್ಟಿಕ್, ಬಾತುಕೋಳಿ ಹೊಡೆಯುವ ಪ್ಲಾಸ್ಟಿಕ್ ಪಿಸ್ತೂಲು, ಅಡಾಪ್ಟರ್, ಆ್ಯಂಟೆನಾ ಕೇಬಲ್. ಟಿವಿಯ ಚಾನೆಲ್ ತಿರುಪು ತಿರುಗಿಸುತ್ತ ಹೋದರೆ ಜೊಂಯ್ ಎನ್ನುವ ಚುಕ್ಕಿಗಳ ನಡುವೆ ಎಲ್ಲೋ ಒಂದು ಕಡೆ ಆಟ ಹಿಡಿಯುತ್ತಿತ್ತು.

ಆಟವಿದ್ದ ಹಳದಿ ಪೆಟ್ಟಿಗೆಯನ್ನು ನಾವೆಲ್ಲ ಕ್ಯಾಸೆಟ್ ಎಂದೇ ಕರೆದೆವು. ಅದನ್ನು ಬಿಚ್ಚಿದರೆ ನಕಲಿನ ಗುಟ್ಟು ಕಾಣುತ್ತಿತ್ತು. ಅಸಲಿ ಕ್ಯಾಸೆಟ್ಟಿನಲ್ಲಿ ಕಾಲುಗಳಿರುವ ಚಿಪ್‌ಗಳನ್ನು ಬೆಸುಗೆ ಹಾಕಿರುತ್ತಾರೆ. ನಮ್ಮದರಲ್ಲಿ ಒಂದು ಸಣ್ಣ ಹಸಿರು ಬೋರ್ಡು, ಅದರ ನಡುವೆ ಕಪ್ಪು ರಾಳದ ಒಂದು ತೊಟ್ಟು. ಚಿಪ್ಪಿನ ಹೊರಕವಚದ ಖರ್ಚು ಉಳಿಸಲು ಬರೀ ಸಿಲಿಕಾನ್ ತುಣುಕನ್ನು ಬೋರ್ಡಿಗೆ ಕೂರಿಸಿ ಮೇಲೆ ರಾಳ ಸುರಿಯುತ್ತಿದ್ದರು. ಹೊರಗಿನ ಲೇಬಲ್ಲಿನಲ್ಲಿ '9999 ಇನ್ 1' ಎಂದಿದ್ದರೂ ಒಳಗಿದ್ದವು ಬೆರಳೆಣಿಕೆಯ ಆಟಗಳು. ಅವೇ ಮತ್ತೆ ಮತ್ತೆ ಬೇರೆ ಹೆಸರಿನಲ್ಲಿ, ಬೇರೆ ಹಂತದಿಂದ ಶುರುವಾಗುತ್ತಿದ್ದವು. ಮಾರಿಯೋ, ಕಾಂಟ್ರಾ, ಸರ್ಕಸ್, ಡಕ್ ಹಂಟ್ ಎಲ್ಲ ಹೀಗೆ ಬಂದವು. ಮಾಡಿದವರ ಹೆಸರನ್ನು ಎಷ್ಟೋ ಸಲ ಪರದೆಯಿಂದಲೇ ಅಳಿಸಿರುತ್ತಿದ್ದರು.

ಇಷ್ಟಾದರೂ ಮಾರಿಯೋ ನಮ್ಮವನಾದ. ಅದಕ್ಕೆ ಕಾರಣ ಆಟದ ಮೊದಲ ಪರದೆಯಲ್ಲೇ ಇದೆ. 1985ರ 'ಸೂಪರ್ ಮಾರಿಯೋ ಬ್ರದರ್ಸ್' ಶುರುವಾದಾಗ ಮಾರಿಯೋ ಎಡಗಡೆ ನಿಂತಿರುತ್ತಾನೆ, ಬಲಗಡೆ ಖಾಲಿ ಬಯಲು. ಎತ್ತ ಹೋಗಬೇಕೆಂದು ಯಾರೂ ಹೇಳಬೇಕಿಲ್ಲ. ನಾಲ್ಕು ಹೆಜ್ಜೆ ಇಟ್ಟರೆ ಮಿನುಗುವ ಪ್ರಶ್ನೆ ಚಿಹ್ನೆಯ ಪೆಟ್ಟಿಗೆ, ಎದುರಿನಿಂದ ಸಿಡುಕು ಮುಖದ ಒಂದು ಪ್ರಾಣಿ. ತಾಗಿದರೆ ಸಾವು, ಆದರೆ ಆಟ ಶುರುವಾಗಿ ಕ್ಷಣವೂ ಆಗಿರುವುದಿಲ್ಲವಾದ್ದರಿಂದ ಕಳೆದುಕೊಳ್ಳುವುದು ಏನೂ ಇಲ್ಲ. ಎರಡನೇ ಸಲ ಹಾರುತ್ತೀರಿ. ಹಾರಿದಾಗ ತಲೆ ಪೆಟ್ಟಿಗೆಗೆ ತಾಗಿ ನಾಣ್ಯ ಬರುತ್ತದೆ. ಮುಂದಿನ ಪೆಟ್ಟಿಗೆಯಿಂದ ಹೊರಟ ಅಣಬೆ ಎದುರಿನ ಕೊಳವೆಗೆ ಬಡಿದು ನಿಮ್ಮತ್ತಲೇ ತಿರುಗುತ್ತದೆ. ತಪ್ಪಿಸಿಕೊಳ್ಳಬೇಕೆಂದರೂ ತಾಗುತ್ತದೆ, ಮಾರಿಯೋ ದೊಡ್ಡವನಾಗುತ್ತಾನೆ. ಒಂದಕ್ಷರ ಓದದೆ ಮಗು ಅಷ್ಟೂ ನಿಯಮ ಕಲಿತುಬಿಡುತ್ತದೆ. ಮನೆಯಲ್ಲಿ ಕನ್ನಡ, ಪಕ್ಕದ ಮನೆಯಲ್ಲಿ ಮರಾಠಿ, ಎದುರು ಮನೆಯಲ್ಲಿ ಉರ್ದು, ಖಾನಾಪುರದ ಕಡೆ ಕೊಂಕಣಿ ಎಂಬಂಥ ನಮ್ಮ ಗಲ್ಲಿಗಳಲ್ಲಿ ಎಲ್ಲ ಮಕ್ಕಳೂ ಒಂದೇ ಜಾಯ್‌ಸ್ಟಿಕ್ಕಿಗೆ ಪಾಳಿ ಹಚ್ಚಿ ಕೂರಲು ಸಾಧ್ಯವಾದದ್ದು ಈ ಜಾಣ್ಮೆಯಿಂದ.

ಆ ಇಡೀ ಆಟದ ಗಾತ್ರ 40 ಕಿಲೋಬೈಟ್. ಜಾಗ ಉಳಿಸಲು ಆಕಾಶದ ಮೋಡ ಮತ್ತು ನೆಲದ ಪೊದೆ ಎರಡಕ್ಕೂ ಒಂದೇ ಚಿತ್ರ ಬಳಸಿದ್ದಾರೆ. ಬಿಳಿ ಬಣ್ಣಕ್ಕೆ ಮೋಡ, ಹಸಿರಿಗೆ ಪೊದೆ. ಇಂದು ಫೋನಿನಲ್ಲಿ ತೆಗೆದ ಒಂದು ಫೋಟೊ ಅದಕ್ಕಿಂತ ಎಷ್ಟೋ ಪಟ್ಟು ದೊಡ್ಡದು.

ಕಂಪನಿ ಯಾಕೆ ಬರಲಿಲ್ಲ

ಒಮ್ಮೆ ಬರಲು ಯತ್ನಿಸಿತು. 2008ರಲ್ಲಿ ಎಚ್‌ಸಿಎಲ್ ಇನ್ಫೋಸಿಸ್ಟಮ್ಸ್ ಮೂಲಕ 'ವೀ' ಮತ್ತು ಅಂಗೈಯಲ್ಲಿ ಹಿಡಿದಾಡುವ 'ಡಿಎಸ್' ಇಲ್ಲಿ ಮಾರಾಟಕ್ಕೆ ಬಂದವು. ಆ ವ್ಯವಸ್ಥೆ ಬೇರೂರಲಿಲ್ಲ. ಆಮದು ಸುಂಕ ಸೇರಿ ಬೆಲೆ ಏರುತ್ತಿತ್ತು. ಅಸಲಿ ಕ್ಯಾಸೆಟ್ಟು, ಡಿಸ್ಕುಗಳಿಗೆ ಸಾವಿರಾರು ರೂಪಾಯಿ ಕೊಡುವ ರೂಢಿ ನಕಲಿನ ಮೇಲೆ ಬೆಳೆದ ಮಾರುಕಟ್ಟೆಗೆ ಇರಲಿಲ್ಲ. ಸೋನಿ ಮಾತ್ರ ಪ್ಲೇಸ್ಟೇಷನ್ 2ರ ಬೆಲೆ ಇಳಿಸುತ್ತ, ಅಂಗಡಿ ಜಾಲ ಕಟ್ಟುತ್ತ ತಳವೂರಿತು. ತಾಸಿನ ಲೆಕ್ಕದಲ್ಲಿ ಆಡಲು ಬಿಡುವ ಗೇಮ್ ಪಾರ್ಲರುಗಳು ಪ್ಲೇಸ್ಟೇಷನ್ ಇಟ್ಟುಕೊಂಡವು. ಜಿಎಸ್‌ಟಿ ಬಂದಾಗ 2017ರಲ್ಲಿ ಕನ್ಸೋಲುಗಳಿಗೆ ಶೇ. 28ರ ದರ ಬಿತ್ತು. 2018ರ ಡಿಸೆಂಬರ್ ಸಭೆಯಲ್ಲಿ ಅದು ಶೇ. 18ಕ್ಕೆ ಇಳಿಯಿತು. ಅಷ್ಟರಲ್ಲಿ ಅಗ್ಗದ ಡೇಟಾ ಬಂದು ಆಟವೆಲ್ಲ ಮೊಬೈಲಿಗೆ ಹೋಗಿತ್ತು. ಇಂದಿಗೂ ಬೆಳಗಾವಿಯಲ್ಲಿ ಸ್ವಿಚ್ ಬೇಕೆಂದರೆ ಹೊರದೇಶದಿಂದ ತಂದವರಲ್ಲೇ ಕೊಳ್ಳಬೇಕು. ಕೆಟ್ಟರೆ ಕಂಪನಿಯ ಸರ್ವಿಸ್ ಸೆಂಟರ್ ಇಲ್ಲ.

ಭಾಷೆಯ ವಿಷಯದಲ್ಲಿ ಈ ದೂರ ಇನ್ನೂ ಹೆಚ್ಚು. ಓಡಿ ಹಾರುವ ಆಟಕ್ಕೆ ಮಾತು ಬೇಕಿಲ್ಲ. 'ಜೆಲ್ಡಾ', 'ಪೋಕೆಮಾನ್' ಸರಣಿಗಳಂಥ ಕಥೆಯ ಆಟಕ್ಕೆ ಮಾತೇ ಜೀವ. ಸ್ವಿಚ್ ಯಂತ್ರದ ಭಾಷಾ ಪಟ್ಟಿಯಲ್ಲಿ ಡಚ್ ಇದೆ, ಕೊರಿಯನ್ ಇದೆ. ಭಾರತದ ಒಂದು ಭಾಷೆಯೂ ಇಲ್ಲ. 2009ರಲ್ಲಿ ಚಿಂಟು ಟಿವಿ ಬಂದಾಗ ಕಾರ್ಟೂನು ಪಾತ್ರಗಳು ಕನ್ನಡ ಮಾತಾಡುವುದನ್ನು ನಮ್ಮ ಮಕ್ಕಳು ಎಷ್ಟು ಸಲೀಸಾಗಿ ಒಪ್ಪಿಕೊಂಡರೆಂದು ತಾಯಂದಿರೆಲ್ಲ ಕಂಡಿದ್ದಾರೆ. ಆಟಗಳಲ್ಲಿ ಆ ಅನುಭವ ಅವರಿಗೆ ಇನ್ನೂ ಸಿಕ್ಕಿಲ್ಲ.

ಆಟ ಮತ್ತು ಜೂಜು

ಮೊಬೈಲ್ ಬಂದ ಮೇಲೆ ಪಾಲಕರ ಭಯ ಬೇರೆಯೇ ಆಯಿತು. 2020ರ ಸೆಪ್ಟೆಂಬರಿನಲ್ಲಿ ಕೇಂದ್ರ ಸರ್ಕಾರ ಪಬ್‌ಜಿ ನಿಷೇಧಿಸಿತು. 2021ರ ಜುಲೈನಲ್ಲಿ ಅದು ಬಿಜಿಎಂಐ ಆಗಿ ಮರಳಿತು. ಇದರ ಪಕ್ಕದಲ್ಲೇ ರಮ್ಮಿ, ಫ್ಯಾಂಟಸಿ ಕ್ರಿಕೆಟ್ಟಿನ ಹಣದ ಆ್ಯಪ್‌ಗಳು ಬೆಳೆದವು. ಕರ್ನಾಟಕ 2021ರಲ್ಲಿ ಪೊಲೀಸ್ ಕಾಯ್ದೆಗೆ ತಿದ್ದುಪಡಿ ತಂದು ಪಣದ ಆನ್‌ಲೈನ್ ಆಟ ನಿಷೇಧಿಸಿತು. 2022ರ ಫೆಬ್ರವರಿ 14ರಂದು ಹೈಕೋರ್ಟ್ ಆ ತಿದ್ದುಪಡಿಯ ಮುಖ್ಯ ಅಂಶಗಳನ್ನು ರದ್ದು ಮಾಡಿತು. 2025ರ ಆಗಸ್ಟಿನಲ್ಲಿ ಸಂಸತ್ತು ಆನ್‌ಲೈನ್ ಗೇಮಿಂಗ್ ಕಾಯ್ದೆ ಅಂಗೀಕರಿಸಿತು. ಹಣ ಕಟ್ಟಿಸಿಕೊಂಡು ಆಡಿಸುವವರಿಗೆ ಮೂರು ವರ್ಷದವರೆಗೆ ಜೈಲು, ಒಂದು ಕೋಟಿ ರೂಪಾಯಿವರೆಗೆ ದಂಡ. ಇ-ಸ್ಪೋರ್ಟ್ಸ್ ಮತ್ತು ಹಣವಿಲ್ಲದ ಆಟಗಳಿಗೆ ಮಾನ್ಯತೆ, ಪ್ರೋತ್ಸಾಹ.

ಈ ಗೆರೆ ಎಳೆದದ್ದು ಒಳ್ಳೆಯದಾಯಿತು. ಮಟ್ಕಾ, ಇಸ್ಪೀಟಿನಿಂದ ಮನೆ ಕಳೆದುಕೊಂಡವರನ್ನು ಕಂಡ ಗಡಿನಾಡಿನ ಜನ 'ಗೇಮ್' ಎಂದೊಡನೆ ಹೌಹಾರುವುದು ಸಹಜ. ಸಾಲ ಮಾಡಿಸುವ ಆಟವೂ ತರ್ಕ ಕಲಿಸುವ ಆಟವೂ ಒಂದೇ ಪರದೆಯಲ್ಲಿ ಕಾಣುವಾಗ ಎರಡನ್ನೂ ಒಂದೇ ತಕ್ಕಡಿಗೆ ಹಾಕಿದೆವು. 1959ರಲ್ಲಿ ಕ್ಯೋಟೊದ ಅಂಗಡಿ ಇದೇ ಗೆರೆ ದಾಟಿತು. ಜೂಜಿನ ಗಿರಾಕಿಯ ಮೇಲೆಯೇ ನೆಚ್ಚಿಕೊಂಡಿದ್ದರೆ ಅದೊಂದು ಎಲೆ ಅಂಗಡಿಯಾಗಿಯೇ ಉಳಿಯುತ್ತಿತ್ತು.

ಇಲ್ಲಿ ಮಾಡುವವರು

ಕರ್ನಾಟಕದಲ್ಲಿ ಆಟ ತಯಾರಿಸುವ ಕೆಲಸ ಹೊಸದಲ್ಲ. ರಾಜೇಶ್ ರಾವ್ ಬೆಂಗಳೂರಿನಲ್ಲಿ ಕಟ್ಟಿದ ಧ್ರುವ ಇಂಟರಾಕ್ಟಿವ್ ತೊಂಬತ್ತರ ದಶಕದಲ್ಲೇ ವಿದೇಶಿ ಕಂಪನಿಗಳಿಗೆ ಆಟದ ಕೆಲಸ ಮಾಡುತ್ತಿತ್ತು. 2019ರಲ್ಲಿ ರಾಕ್‌ಸ್ಟಾರ್ ಅದನ್ನು ಕೊಂಡು ತನ್ನ ಬೆಂಗಳೂರು ಸ್ಟುಡಿಯೋಕ್ಕೆ ಸೇರಿಸಿಕೊಂಡಿತು. ಇತ್ತ ಪುಣೆಯಲ್ಲಿ ಫ್ರಾನ್ಸಿನ ಯೂಬಿಸಾಫ್ಟ್ ಕಂಪನಿಯ ಸ್ಟುಡಿಯೋ ಇದೆ. ಅದೇ ಪುಣೆಯ ನಾಡಿಂಗ್ ಹೆಡ್ಸ್ ಗೇಮ್ಸ್ ತಂಡ ನಮ್ಮ ಪುರಾಣದ ಎಳೆ ಹಿಡಿದು 'ರಾಜಿ' ಎಂಬ ಆಟ ಮಾಡಿತು. 2020ರ ಆಗಸ್ಟಿನಲ್ಲಿ ಆ ಆಟ ಜಗತ್ತಿಗೆ ಮೊದಲು ಸಿಕ್ಕಿದ್ದು ನಿಂಟೆಂಡೊ ಸ್ವಿಚ್‌ನಲ್ಲಿ. ನಿಂಟೆಂಡೊ ಇಲ್ಲಿಗೆ ಬಾರದಿದ್ದರೂ ಇಲ್ಲಿನ ಆಟ ಅಲ್ಲಿಗೆ ಹೋಯಿತು. ಈ ಘಟನೆಯಿಂದ ನಾವು ಪಡೆಯಬೇಕಾದ ಧೈರ್ಯ ದೊಡ್ಡದು.

ಪುಣೆ-ಬೆಂಗಳೂರು ಹೆದ್ದಾರಿ ಬೆಳಗಾವಿಯನ್ನು ಹಾದೇ ಹೋಗುತ್ತದೆ. ನಮ್ಮ ಹುಡುಗ-ಹುಡುಗಿಯರು ಗೋಗಟೆ ಇನ್‌ಸ್ಟಿಟ್ಯೂಟಿನಲ್ಲೋ ಕೆಎಲ್‌ಇ ಕಾಲೇಜಿನಲ್ಲೋ ಕಂಪ್ಯೂಟರ್ ಸೈನ್ಸ್ ಓದಿ, ಪದವಿ ಹಿಡಿದು, ರಾತ್ರಿ ಬೆಂಗಳೂರಿನ ರಾಣಿ ಚೆನ್ನಮ್ಮ ಎಕ್ಸ್‌ಪ್ರೆಸ್ ಹತ್ತುತ್ತಾರೆ. ಕೈಗಾರಿಕೆಯಲ್ಲೂ ಇದೇ ಕಥೆ. ಬೆಳಗಾವಿಯ ಏಕಸ್ ಕಂಪನಿ ವಿಮಾನದ ಬಿಡಿಭಾಗಗಳ ಜೊತೆ ಹ್ಯಾಸ್ಬ್ರೊದಂಥ ಕಂಪನಿಗಳಿಗೆ ಆಟಿಕೆಯನ್ನೂ ಮಾಡಿಕೊಡುತ್ತದೆ. ಕೊಪ್ಪಳದ ಭಾನಾಪುರದಲ್ಲಿ ಆಟಿಕೆ ಕ್ಲಸ್ಟರ್ ಕಟ್ಟಿದೆ. ಕೈ ನಮ್ಮದು, ಕಲ್ಪನೆ ಮತ್ತು ಹೆಸರು ಬೇರೆಯವರದು. ಕೆಲಸ ಸಿಕ್ಕಿರುವುದು ಸಂತೋಷದ ಸಂಗತಿಯೇ. ಆದರೆ ಅಷ್ಟಕ್ಕೇ ನಿಂತರೆ ಯೊಕೊಯಿಯಂಥವನು ನಮ್ಮ ನಡುವೆ ಇದ್ದರೂ ಮೇಂಟೆನೆನ್ಸ್ ವಿಭಾಗದಲ್ಲೇ ನಿವೃತ್ತನಾಗುತ್ತಾನೆ.

ಆನಿಮೇಷನ್, ಗೇಮಿಂಗ್ ಕ್ಷೇತ್ರಕ್ಕೆ 2012ರಲ್ಲೇ ನೀತಿ ತಂದ ದೇಶದ ಮೊದಲ ರಾಜ್ಯ ಕರ್ನಾಟಕ. 2024-29ರ ಹೊಸ ನೀತಿ 30,000 ಉದ್ಯೋಗಗಳ ಗುರಿ ಇಟ್ಟುಕೊಂಡಿದೆ. ಹುಬ್ಬಳ್ಳಿ-ಧಾರವಾಡ-ಬೆಳಗಾವಿಯನ್ನು ಬೆಂಗಳೂರಿನಾಚೆಯ ಒಂದು ಐಟಿ ಕ್ಲಸ್ಟರ್ ಎಂದು ಸರ್ಕಾರ ಗುರುತಿಸಿಯೂ ಇದೆ. ಆದರೆ ನೀತಿಯ ದೊಡ್ಡ ಪ್ರಯೋಗಶಾಲೆ, ಸ್ಟುಡಿಯೋ ಎಲ್ಲ ಬೆಂಗಳೂರಿನ ಮಹದೇವಪುರದಲ್ಲಿವೆ.

ಖಾನಾಪುರದಲ್ಲಿ ಇರುವುದು

ಮಾರಿಯೋ ಮತ್ತು ಜೆಲ್ಡಾದ ಸೃಷ್ಟಿಕರ್ತ ಶಿಗೆರು ಮಿಯಾಮೊಟೊ ಬೆಳೆದದ್ದು ಕ್ಯೋಟೊ ಬಳಿಯ ಸೊನೊಬೆ ಎಂಬ ಊರಿನಲ್ಲಿ. ಬಾಲ್ಯದಲ್ಲಿ ಕಾಡು ಸುತ್ತುತ್ತ ಕಂಡ ಗುಹೆಯೊಂದಕ್ಕೆ ದೀಪ ಹಿಡಿದು ಒಬ್ಬನೇ ಇಳಿದ ಅನುಭವವೇ ಜೆಲ್ಡಾಕ್ಕೆ ಬೀಜ ಎಂದು ಅವರೇ ಹೇಳಿಕೊಂಡಿದ್ದಾರೆ. ಪೋಕೆಮಾನ್ ಹುಟ್ಟಿದ್ದು ಅದರ ಸೃಷ್ಟಿಕರ್ತ ಸತೋಶಿ ತಾಜಿರಿ ಚಿಕ್ಕಂದಿನಲ್ಲಿ ಹುಳು ಹಿಡಿಯುತ್ತಿದ್ದ ಹವ್ಯಾಸದಿಂದ.

ಈಗ ಖಾನಾಪುರ ತಾಲ್ಲೂಕನ್ನು ನೋಡಿ. 2011ರಲ್ಲಿ ಘೋಷಿತವಾದ ಭೀಮಗಡ ವನ್ಯಧಾಮ, ಅದರೊಳಗೆ ಬಾರಾಪೇಡೆ ಗುಹೆ. ಜಗತ್ತಿನ ಕೆಲವೇ ಕಡೆ ಕಾಣುವ ರೌಟನ್ ಬಾವಲಿಯ ನೆಲೆ ಅದು. ಕಣಕುಂಬಿಯಲ್ಲಿ ಮಲಪ್ರಭೆ ಹುಟ್ಟಿ ಪೂರ್ವಕ್ಕೆ ಹರಿಯುತ್ತಾಳೆ, ಇದೇ ಕಾಡಿನ ಮಹದಾಯಿ ಪಶ್ಚಿಮಕ್ಕೆ ಹೋಗುತ್ತಾಳೆ. ಹಲಸಿಯಲ್ಲಿ ಕದಂಬರ ಗುಡಿಗಳು. ನಂದಗಡದಲ್ಲಿ 1831ರಲ್ಲಿ ಗಲ್ಲಿಗೇರಿದ ಸಂಗೊಳ್ಳಿ ರಾಯಣ್ಣನ ಸಮಾಧಿ. ಕುಂಬಾರಿಕೆ ಕಲಿಸುವ ಕೇಂದ್ರೀಯ ಸಂಸ್ಥೆಯೂ ಖಾನಾಪುರದಲ್ಲೇ ಇದೆ. ಆಟದ ಪಾತ್ರಗಳನ್ನು ಮೊದಲು ಮಣ್ಣಿನಲ್ಲಿ ತಿದ್ದಿ ನೋಡಲು ಅದಕ್ಕಿಂತ ಒಳ್ಳೆಯ ಜಾಗ ಯಾವುದು? ಕಾಡೊಳಗಿನ ಹಳ್ಳಿಗಳಲ್ಲಿ ನೆಟ್‌ವರ್ಕ್ ಸಿಗುವುದಿಲ್ಲ, ಮಳೆಗಾಲದಲ್ಲಿ ಕರೆಂಟೂ ಕೈಕೊಡುತ್ತದೆ. ಇಂಟರ್ನೆಟ್ ಬೇಡದ, ಹಳೆಯ ಅಗ್ಗದ ಫೋನಿನಲ್ಲೂ ಓಡುವ, ಬ್ಯಾಟರಿ ತಿನ್ನದ ಆಟ ಆ ಮಕ್ಕಳಿಗೆ ಬೇಕು. ಗೇಮ್ ಬಾಯ್ ಗೆದ್ದದ್ದು ಅಂಥ ಬೇಡಿಕೆಯನ್ನು ಅರ್ಥಮಾಡಿಕೊಂಡಿದ್ದಕ್ಕೆ.

ಆಗಬೇಕಾದ ಕೆಲಸಗಳು ಕೈಗೆಟುಕುವಂಥವು. ಎಂಜಿನಿಯರಿಂಗ್ ಕೊನೆಯ ವರ್ಷದ ಪ್ರಾಜೆಕ್ಟಿಗೆ ಒಂದು ಚಿಕ್ಕ ಆಟ ಮಾಡಲು ಕಾಲೇಜುಗಳು ಮನಸಾರೆ ಒಪ್ಪಬೇಕು. ಚಿತ್ರಕಲೆ ಕಲಿಯುವವರನ್ನು, ಕಥೆ ಬರೆಯುವವರನ್ನು ಅದೇ ತಂಡಕ್ಕೆ ಸೇರಿಸಬೇಕು. ಚೌಕಾಬಾರ, ಹುಲಿ-ಕುರಿ, ಅಳಗುಳಿಮಣೆಯ ನಿಯಮಗಳು ನಮ್ಮ ಅಜ್ಜಿಯರ ಬಾಯಲ್ಲಿವೆ. ಮೈಸೂರಿನ ರಾಮ್‌ಸನ್ಸ್ ಕಲಾ ಪ್ರತಿಷ್ಠಾನ ಅಂಥ ಮಣೆಯಾಟಗಳನ್ನು ಮತ್ತೆ ಮಾಡಿಸಿ, ಪ್ರದರ್ಶಿಸಿ ಜನರ ಮುಂದಿಟ್ಟಿದೆ. ಆ ನಿಯಮಗಳು ಪರದೆಗೂ ಬರಲಿ. ಸರ್ಕಾರ ತನ್ನ ನೀತಿಯ ಒಂದು ಪ್ರಯೋಗಶಾಲೆಯನ್ನು ಬೆಳಗಾವಿಯ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ (ವಿಟಿಯು) ಆವರಣದಲ್ಲಿ ತೆರೆಯಲಿ. ಪಾತ್ರಗಳು ಬೆಳಗಾವಿಯ ಕನ್ನಡದಲ್ಲೇ ಮಾತಾಡಲಿ, ಬೇಕೆಂದವರಿಗೆ ಮರಾಠಿ, ಕೊಂಕಣಿಯೂ ಇರಲಿ. ಹಲವು ಭಾಷೆ ಬಲ್ಲ ತಂಡ ಸಿಗುವುದು ಗಡಿ ಊರಿನಲ್ಲೇ ಸುಲಭ. ಆಟದೊಳಗೆ ಹಣದ ಪಣ ಎಂದಿಗೂ ನುಸುಳಬಾರದು.

ಕ್ಯೋಟೊದವರು ತಮ್ಮ ಬೀದಿಯ ಎಲೆ, ತಮ್ಮ ಊರಿನ ಗುಹೆ, ತಮ್ಮ ಕಾರ್ಖಾನೆಯ ಮೆಕ್ಯಾನಿಕ್ ಇಷ್ಟನ್ನೇ ನಂಬಿ ಜಗತ್ತಿನ ಮಕ್ಕಳನ್ನು ನಗಿಸಿದರು. ಮೂವತ್ತೈದು ವರ್ಷ ಬೇರೆಯವರ ಆಟದ ನಕಲು ಆಡಿದ ಬೆಳಗಾವಿ ಇನ್ನು ತನ್ನ ಹೆಸರು ಬರೆದ ಆಟ ಮಾಡಬೇಕು. ಅದಕ್ಕೆ ಬೇಕಾದ ಕೈ, ಕಾಡು, ಕಥೆ, ಕಾಲೇಜು ಎಲ್ಲ ಇಲ್ಲಿವೆ. ಅವುಗಳನ್ನು ಒಂದೇ ಕೋಣೆಗೆ ತರುವ ಜವಾಬ್ದಾರಿ ಸರ್ಕಾರದ್ದು, ಕಾಲೇಜುಗಳದ್ದು, ಆಟ ಆಡಿ ಬೆಳೆದು ಈಗ ತಂದೆ-ತಾಯಿಯಾಗಿರುವ ನಮ್ಮೆಲ್ಲರದ್ದು.